ಮೊದಲ ಹಾಲು ನಾಯಿಗೆ

ಅಪ್ಪ ನನ್ನ ಮನೆ ಬಿಟ್ಟು ಮೂಡಲಗಿಯಲ್ಲಿರುವ ನನ್ನ ಅಣ್ಣನ ಮನೆಗೆ ಹೋಗಿ ಕೂತದ್ದು ಒಂದು ನಾಯಿಯ ಕುಂಡಿಯ ಸಲುವಾಗಿ. ಹೀಗೆ ಬರೆದರೆ ಓದುವವರಿಗೆ ನಗು ಬರುತ್ತದೆ, ಗೊತ್ತು. ಶಾಲೆಯಲ್ಲಿ ನನ್ನ ಜೊತೆಯವರೂ ನಕ್ಕರು. ನಗಲಿ. ಅಪ್ಪ ಮತ್ತೆ ನನ್ನ ಜೊತೆ ಮನಸ್ಸು ಬಿಚ್ಚಿ ಒಂದು ಮಾತಾಡಲಿ ಎಂದು ಏಳು ತಿಂಗಳು ಕಾದವಳು ನಾನು. ಆ ಏಳು ತಿಂಗಳಲ್ಲಿ ನನಗೇನೂ ನಗು ಬರಲಿಲ್ಲ.

ನಾನು ಹುಕ್ಕೇರಿಯಲ್ಲಿ ಶಾಲೆ ಕಲಿಸುವವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನೂ ಈಗ ಬಿಟ್ಟಿದ್ದೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿಯೂ ಸ್ವಲ್ಪ ಜೋರು. ಅಪ್ಪ ಇದಕ್ಕೆ ತದ್ವಿರುದ್ಧ. ಐವತ್ತು ವರ್ಷ ಕುರಿ ಕಾಯ್ದವನು. ನಾಗನೂರಿನ ಕಡೆಯ ಹೊಲಗಳಲ್ಲಿ ಹಟ್ಟಿ ಹಾಕುತ್ತಿದ್ದ, ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿದು ಹುಲ್ಲು ಚಿಗುರಿದಾಗ ಹಿಂಡು ಹೊಡೆದುಕೊಂಡು ಅತ್ತ ಹೋಗುತ್ತಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಕುರಿಗಳ ಜೊತೆ. ಒಂದು ವರ್ಷ ರೋಗ ಬಂದು ಮರಿಗಳು ಉಳಿಯಲಿಲ್ಲ. ಅದೇ ವರ್ಷ ಮೊಣಕಾಲೂ ಕೈಕೊಟ್ಟವು. ಉಳಿದ ಕುರಿಗಳನ್ನು ಮಾರಿ ನನ್ನ ಹತ್ತಿರ ಬಂದು ಇದ್ದ. ಬಂದ ಮೇಲೂ ನಸುಕಿನಲ್ಲೇ ಎದ್ದು, ಬಾಗಿಲು ತೆಗೆದು, ಹೊರಗೆ ಏನೂ ಇಲ್ಲದ ಓಣಿ ನೋಡುತ್ತ ನಿಲ್ಲುತ್ತಿದ್ದ.

ಆಗ ಗೋಕಾಕ ಫಾಲ್ಸ್‌ನಲ್ಲಿ ಮನೆ ಖಾಲಿ ಮಾಡುತ್ತಿದ್ದ ಗೆಳತಿಯೊಬ್ಬಳು ತನ್ನ ಪಾಮೇರಿಯನ್ ನಾಯಿಯನ್ನು ನನ್ನ ಮಡಿಲಿಗೆ ಹಾಕಿದಳು. ಬಿಳಿ ಕೂದಲಿನ, ಒಂದು ಕೊಡಪಾನದಷ್ಟೂ ಎತ್ತರವಿಲ್ಲದ ಪ್ರಾಣಿ. ಅಪ್ಪ ಅದರ ಸುತ್ತ ಒಂದು ಸುತ್ತು ಹಾಕಿ ನೋಡಿದ. ಅವನ ಹಟ್ಟಿಯ ನಾಯಿಗಳು ತೋಳದ ಎದುರು ನಿಂತಂಥವು.

"ಇದು ಯಾರನ್ನ ಕಾಯತೈತಿ? ಇದನ್ನ ಕಾಯಾಕ ಇನ್ನೊಂದ ನಾಯಿ ಬೇಕಲ್ಲ" ಅಂದ.

ಹಾಗೆ ಅಂದವನೇ ನಾಲ್ಕು ದಿನದಲ್ಲಿ ಅದನ್ನು 'ಮರಿ' ಎಂದು ಕರೆಯತೊಡಗಿದ, ಕುರಿಮರಿಯನ್ನು ಕರೆದ ಹಾಗೆ. ನಾನಿಟ್ಟಿದ್ದ ಚೆಂದದ ಇಂಗ್ಲಿಷ್ ಹೆಸರು ಮೂಲೆಗೆ ಬಿತ್ತು. ನಸುಕಿನಲ್ಲಿ ಬಾಗಿಲು ತೆಗೆದರೆ ಈಗ ಇಬ್ಬರು ನಿಲ್ಲುತ್ತಿದ್ದರು. ಅಪ್ಪನಿಗೆ ಮತ್ತೆ ಮಾತು ಬಂತು. ನನ್ನ ಜೊತೆಗೂ ಎರಡು ಹೆಚ್ಚೇ ಆಡುತ್ತಿದ್ದ: ಶಾಲೆಯಲ್ಲಿ ಏನಾಯಿತು, ಉಂಡೆಯೋ ಇಲ್ಲವೋ, ಮುಖ ಯಾಕೆ ಬಾಡಿದೆ.

ವರ್ಷ ತುಂಬುವ ಹೊತ್ತಿಗೆ ಮರಿ ಒಂದು ಹೊಸ ಆಟ ಶುರು ಮಾಡಿತು. ನೆಲದ ಮೇಲೆ ಕೂತು, ಹಿಂಗಾಲು ಮುಂದೆ ಚಾಚಿ, ಮುಂಗಾಲಿನಿಂದ ತನ್ನನ್ನೇ ಎಳೆದುಕೊಂಡು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಜಾರುತ್ತಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಮೊಬೈಲಿನಲ್ಲಿ ವಿಡಿಯೋ ಮಾಡಿ ಶಾಲೆಯ ಗ್ರೂಪಿಗೆ ಹಾಕಿದೆ. ಎಲ್ಲರೂ ನಗುವ ಮುಖ ಕಳಿಸಿದರು. ಅದಕ್ಕೆ ನೋವಾಗುತ್ತಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ, ನನಗೂ.

ಆಮೇಲೆ ಬಾಲದ ಬುಡ ನೆಕ್ಕುವುದು ಹೆಚ್ಚಾಯಿತು. ಮಲಗಿದ್ದದ್ದು ಯಾರೋ ಚಿವುಟಿದ ಹಾಗೆ ತಟ್ಟನೆ ತಿರುಗಿ ಹಿಂದೆ ನೋಡಿಕೊಳ್ಳುತ್ತಿತ್ತು. ಹಾಸಿಗೆಯ ಮೇಲೆ ಒಣಮೀನಿನ ವಾಸನೆ. ಬಾಜೂ ಮನೆಯವರು ಏನೋ ಬೇಯಿಸುತ್ತಿದ್ದಾರೆಂದು ಕಿಟಕಿ ಮುಚ್ಚಿ, ಮನಸ್ಸಿನಲ್ಲೇ ಅವರಿಗೆ ಬೈದದ್ದೂ ಆಯಿತು. ಅಪ್ಪ ಮಾತ್ರ ಕುರಿ ನೋಡಿದ ಕಣ್ಣಿನಿಂದಲೇ ನೋಡಿ, ಇದು ಹೊಟ್ಟೆಯ ಜಂತು ಅಂದ. ಕುರಿಗಾದರೆ ಅದು ಸರಿಯಿರುತ್ತಿತ್ತೋ ಏನೋ. ನಾನು ಅಂಗಡಿಯಿಂದ ಜಂತಿನ ಗುಳಿಗೆ ತಂದು ನುಂಗಿಸಿದೆ. ಡಾಕ್ಟರಿಗೆ ತೋರಿಸಬೇಕಿತ್ತು. ಪರೀಕ್ಷೆಯ ದಿನಗಳು, ಪುರುಸೊತ್ತಿಲ್ಲ ಎಂದು ಮುಂದೂಡಿದೆ.

ಒಂದು ಭಾನುವಾರ ಅಪ್ಪ ಬೆನ್ನು ಸವರುತ್ತ ಕೈ ಬಾಲದ ಹತ್ತಿರ ಒಯ್ದ ಕೂಡಲೇ ಮರಿ ಕುಂಯ್ ಎಂದು ಚೀರಿ ಅವನ ಕೈಗೇ ಬಾಯಿ ಹಾಕಿತು. ಬಾಲ ಎತ್ತಿ ನೋಡಿದರೆ ಎಡಗಡೆ ಕೆಂಪಗೆ ಊದಿ ಹುಣಸೆ ಬೀಜದಷ್ಟು ಗಂಟು. ಕೂರಲಾರದು, ನಿಲ್ಲಲಾರದು, ಹೊರಗೆ ಕರೆದೊಯ್ದರೆ ತಿಣುಕುತ್ತದೆ, ಮಲ ಬರುವುದಿಲ್ಲ. ಮರುದಿನ ರಜೆ ಹಾಕಿ, ಅಪ್ಪನನ್ನೂ ಕರೆದುಕೊಂಡು ಗೋಕಾಕಕ್ಕೆ ಓಡಿದೆ.

ಅಲ್ಲಿ ನಾಯಿ ನೋಡುವ ಡಾಕ್ಟರು ಕೈಗವಸು ಏರಿಸಿ ಒಂದೇ ನೋಟಕ್ಕೆ ಹೇಳಿದರು. ನಾಯಿಯ ಗುದದ ಎರಡೂ ಬದಿ, ಗಡಿಯಾರದಲ್ಲಿ ನಾಲ್ಕು ಮತ್ತು ಎಂಟು ಇರುವ ಜಾಗದಲ್ಲಿ, ಚರ್ಮದ ಕೆಳಗೆ ಒಂದೊಂದು ಪುಟ್ಟ ಚೀಲ ಇರುತ್ತದಂತೆ. ಮಲ ಗಟ್ಟಿಯಾಗಿ ಹೋದಾಗ ಅದರ ಒತ್ತಡಕ್ಕೆ ಚೀಲದ ರಸ ತಾನೇ ಹೊರಬೀಳುತ್ತದೆ. ಮಲ ದಿನವೂ ಮೆತ್ತಗಾದರೆ ಒತ್ತಡ ಬೀಳುವುದಿಲ್ಲ. ರಸ ಒಳಗೇ ನಿಂತು ಗಟ್ಟಿಯಾಗಿ, ಆಮೇಲೆ ಕೀವಾಗುತ್ತದೆ. ಸಣ್ಣ ಜಾತಿಯ ನಾಯಿಗಳಿಗೆ, ಅದರಲ್ಲೂ ಮೈ ಬಂದವಕ್ಕೆ, ಈ ತೊಂದರೆ ಹೆಚ್ಚು. ಬಲಗಡೆಯದನ್ನು ಒತ್ತಿದಾಗ ಕಂದು ಬಣ್ಣದ ಅಂಟು ಬಂತು. ಎಡಗಡೆಯದರಿಂದ ರಕ್ತ, ಕೀವು. ಆ ವಾಸನೆಗೆ ನಾನು ಬಾಗಿಲಿಗೆ ಹೋಗಿ ನಿಂತೆ. ಅಪ್ಪ ಮರಿಯ ತಲೆ ಹಿಡಿದುಕೊಂಡವನು ಅಲುಗಲಿಲ್ಲ.

ತಿನ್ನಲು ಏನು ಕೊಡುತ್ತೀರಿ ಎಂದು ಡಾಕ್ಟರು ಕೇಳಿದರು. ನಾನು ಹೆಮ್ಮೆಯಿಂದ ಎಲ್ಲ ಒಪ್ಪಿಸಿದೆ: ಅನ್ನ, ಬೇಯಿಸಿದ ಕೋಳಿ, ಹಾಲು ಮಾತ್ರ ಒಂದು ಹನಿಯೂ ಇಲ್ಲ. ಅಪ್ಪ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

"ಮುಂಜಾನಿ ನಾ ಹಾಲ ಕುಡಸತೇನ್ರಿ" ಅಂದ. "ನನ್ನ ಪಾಲಿಂದು."

ಅವನು ವರ್ಷದಿಂದ ಹಾಲಿಲ್ಲದ ಚಹಾ ಕುಡಿಯುತ್ತಿದ್ದ. ಹಾಲಿನಿಂದ ಎದೆ ಉರಿಯುತ್ತದೆ ಎಂದು ನನಗೆ ಹೇಳಿದ್ದ, ನಾನು ನಂಬಿದ್ದೆ. ನಮ್ಮ ಹಟ್ಟಿಯಲ್ಲಿ ಒಂದು ಪದ್ಧತಿ ಇತ್ತು: ಬೆಳಿಗ್ಗೆ ಹಿಂಡಿದ ಮೊದಲ ಹಾಲು ನಾಯಿಗೆ. ರಾತ್ರಿಯೆಲ್ಲ ಎಚ್ಚರವಿದ್ದು ಹಿಂಡು ಕಾಯ್ದದ್ದು ಅದು; ಅದು ಕುಡಿಯದೆ ಮನೆಯವರಾರೂ ಕುಡಿಯುವಂತಿಲ್ಲ. ನಾನೂ ಹುಡುಗಿಯಾಗಿದ್ದಾಗ ನಾಯಿ ಬಟ್ಟಲು ನೆಕ್ಕಿ ಮುಗಿಸುವುದನ್ನೇ ಕಾಯುತ್ತ ಕೂತವಳು. ಆದರೆ ಆ ನಾಯಿಗಳು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುತ್ತಿದ್ದವು, ಕಲ್ಲು ತಿಂದರೂ ಕರಗಿಸುತ್ತಿದ್ದವು. ಇದು ಪಡಸಾಲೆಯಿಂದ ಅಡುಗೆಮನೆಗೆ ನಡೆಯುವ ನಾಯಿ. ಹಾಲು ಅದಕ್ಕೆ ಒಗ್ಗದೆ ಹೊಟ್ಟೆ ದಿನವೂ ಸಡಿಲ.

ಡಾಕ್ಟರು ಬೈಯಲಿಲ್ಲ. ಅಜ್ಜಾರ, ಇನ್ನು ಮೇಲೆ ಬೇಡ ಎಂದರು, ಅಷ್ಟೇ. ಬೈದದ್ದು ನಾನು. ಬಸ್‌ ಸ್ಟ್ಯಾಂಡಿನಲ್ಲಿ, ನಾಲ್ಕು ಜನ ತಿರುಗಿ ನೋಡುವ ಹಾಗೆ. ವಿಡಿಯೋ ಮಾಡಿ ನಕ್ಕವಳು ನಾನು, ಡಾಕ್ಟರನ್ನು ಮುಂದೂಡಿದವಳು ನಾನು. ಆ ತಪ್ಪೆಲ್ಲ ಅವನ ತಲೆಗೆ ಕಟ್ಟಲು ನನಗೆ ಒಂದು ಕ್ಷಣ ಸಾಕಾಯಿತು.

"ನಿನ್ನ ಕೈಯಾಗ ಏನ್ ಉಳದೈತಿ ಅಪ್ಪಾ? ಕುರಿ ಉಳದಾವೇನು?" ಅಂದೆ.

ಅಪ್ಪ ಹುಕ್ಕೇರಿಯವರೆಗೆ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತ.

ಮರುದಿನದಿಂದ ಆರೈಕೆಯೆಲ್ಲ ಅವನೇ ಮಾಡಿದ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ತನ್ನ ಮೊಣಕೈಗೆ ಒತ್ತಿ ಬಿಸಿ ನೋಡಿ, ಆಮೇಲೆ ಗಂಟಿನ ಮೇಲೆ ಇಡುತ್ತಿದ್ದ. ಗುಳಿಗೆ ಒಂದು ಹೊತ್ತೂ ತಪ್ಪಿಸಲಿಲ್ಲ. ನೆಕ್ಕದಂತೆ ಕೊರಳಿಗೆ ಹಾಕಿದ್ದ, ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಗೋಡೆಗೆ ಬಡಿದರೆ ಓಡಿ ಬಂದು ಸರಿಮಾಡುತ್ತಿದ್ದ. ನಾನು ಕ್ಷಮೆ ಕೇಳಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಬರುತ್ತಿದ್ದೆ, ಚಹಾ ಬೇಕೇನು ಎಂದು ಕೇಳಿ ಹಿಂದಕ್ಕೆ ಹೋಗುತ್ತಿದ್ದೆ. ಕೊನೆಯ ಗುಳಿಗೆ ನುಂಗಿಸಿದ ದಿನ ಅಪ್ಪ ತನ್ನ ಕಂಬಳಿ ಮಡಚಿದ. ಮರಿ ಆರಾಮಾಯಿತು, ನಾನು ಮೂಡಲಗಿಗೆ ಹೋಗುತ್ತೇನೆ ಅಂದ. ತಡೆಯುವ ಮಾತು ನನ್ನ ಬಾಯಿಗೆ ಬರಲಿಲ್ಲ. ಬೇಕಾದಾಗ ಮಾತು ಬಾರದ ಬಾಯಿ ಇದು, ಏನು ಮಾಡಲಿ.

ಅಣ್ಣನ ಹೆಂಡತಿ, ನಮ್ಮ ವೈನಿ, ವಾರಕ್ಕೊಮ್ಮೆ ಫೋನು ಹಚ್ಚಿ ಅಪ್ಪನ ಕೈಗೆ ಕೊಡುತ್ತಿದ್ದಳು. ಅವನ ಪ್ರಶ್ನೆ ಒಂದೇ: ಮರಿ ಹೇಗಿದೆ? ನಾನು ಹೇಳಬೇಕು, ಅವನು ಹೂಂ ಅನ್ನಬೇಕು, ಫೋನು ಮತ್ತೆ ವೈನಿಯ ಕೈಗೆ. ನೀನು ಹೇಗಿದ್ದೀ ಎಂದು ಒಮ್ಮೆಯೂ ಕೇಳಲಿಲ್ಲ. ಅದೊಂದು ಮಾತಿಗಾಗಿ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಲ್ಲುತ್ತಿದ್ದೆ.

ಮಾತು ಇನ್ನೆರಡು ನಿಮಿಷ ಬೆಳೆಯಲೆಂದು ನಾನು ಮರಿಯ ಎಲ್ಲವನ್ನೂ ಗಮನಿಸತೊಡಗಿದೆ. ಅನ್ನಕ್ಕೆ ಬೇಯಿಸಿದ ಕುಂಬಳಕಾಯಿ, ಗಜ್ಜರಿ ಕಲಸಿದೆ, ಮಲ ಗಟ್ಟಿಯಾಯಿತು. ಬೆಳಿಗ್ಗೆ ಸಂಜೆ ನಡೆಸಿದೆ, ಮೈ ಇಳಿಯಿತು. ಡಾಕ್ಟರು ಒತ್ತುವುದನ್ನು ಕಲಿಸಿದರು: ಬಾಲ ಎತ್ತಿ, ಹೆಬ್ಬೆರಳು ತೋರುಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ. ತುಂಬಿದ್ದರೆ ಮಾತ್ರ. ಸುಮ್ಮಸುಮ್ಮನೆ ಒತ್ತಿದರೆ ಅದೇ ಗಾಯವಾಗುತ್ತದೆ. ಕೆಂಪಾಗಿದ್ದರೆ, ಊದಿದ್ದರೆ, ರಕ್ತ ಕಂಡರೆ ಕೈ ಹಚ್ಚದೆ ಅವರ ಹತ್ತಿರ ಬರಬೇಕು. ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಒಪ್ಪಿಸುತ್ತಿದ್ದೆ. ಬೆಳೆದ ಮಗಳು, ಮುಪ್ಪಾದ ಅಪ್ಪ, ನಮ್ಮ ನಡುವೆ ಉಳಿದ ಮಾತೆಂದರೆ ನಾಯಿಯ ಹೇಲು! ಒಮ್ಮೆ ಸುಳ್ಳೂ ಹೇಳಿದೆ. ಮರಿ ಮತ್ತೆ ನೆಲಕ್ಕೆ ತಿಕ್ಕುತ್ತಿದೆ ಎಂದೆ, ಓಡಿ ಬರಬಹುದೆಂಬ ಆಸೆಗೆ. ಡಾಕ್ಟರಿಗೆ ತೋರಿಸು ಎಂದು ಹೇಳಿ ಫೋನು ದಾಟಿಸಿದ. ಅವತ್ತು ನಾನು ಸರಿಯಾಗಿ ಅತ್ತೆ.

ಏಳನೆಯ ತಿಂಗಳು ಮರಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟೆ. ಗೋಕಾಕದಲ್ಲಿ ಬಸ್ಸು ಬದಲಿಸಿ ಮೂಡಲಗಿಯ ಬಸ್ಸು ಹತ್ತಿದ್ದೆವು. ಕಬ್ಬಿನ ಟ್ರ್ಯಾಕ್ಟರೊಂದು ಕಿಟಕಿಯ ಪಕ್ಕದಲ್ಲೇ ಹಾರ್ನ್ ಒತ್ತಿತು. ಮರಿ ಬೆಚ್ಚಿಬಿದ್ದು ಚೀಲ ಖಾಲಿ ಮಾಡಿಕೊಂಡಿತು. ಅಂಜಿದಾಗ ಹಾಗಾಗುತ್ತದೆ. ಬಸ್ಸೆಲ್ಲ ಒಣಮೀನು. ಮುಂದಿನ ಸೀಟಿನ ಮುದುಕಿ ಮೂಗಿಗೆ ಸೆರಗು ಒತ್ತಿ, ಸಂತೆಯಿಂದ ಮೀನು ತಂದವರಾರು ಎಂದು ಎಲ್ಲರನ್ನೂ ವಿಚಾರಿಸಿದಳು. ನಾನೂ ಅವಳ ಜೊತೆ ಸೇರಿ ವಿಚಾರಿಸಿದೆ. ಮತ್ತೇನು ಮಾಡಬೇಕಿತ್ತು?

ಅಪ್ಪ ಅಣ್ಣನ ಮನೆಯ ಕಟ್ಟೆಯ ಮೇಲಿದ್ದ. ತೆಳ್ಳಗಾಗಿದ್ದ. ಮರಿ ಬುಟ್ಟಿಯಿಂದ ಹಾರಿ ಅವನ ಮೈಮೇಲೆ ಬಿದ್ದು ಉಚ್ಚೆಯನ್ನೂ ಹೊಯ್ದಿತು. ಅವನು ಅದನ್ನು ತೊಡೆಯ ಮೇಲೆ ಹೊರಳಿಸಿ, ಬಾಲ ಎತ್ತಿ, ಬೆರಳ ತುದಿಯಿಂದ ಎರಡೂ ಬದಿ ಮುಟ್ಟಿ ನೋಡಿದ.

"ಬಲಗಡಿದು ಈಗ ಖಾಲಿ ಆಗೈತಿ. ಎಡಗಡಿದು ಇನ್ನೂ ಅರ್ಧ ಐತಿ" ಅಂದ.

ಇದೆಲ್ಲ ಅವನಿಗೆ ಹೇಗೆ ಗೊತ್ತು ಎಂದು ನಾನು ಬಾಯಿ ಬಿಟ್ಟು ನೋಡಿದೆ. ಒಳಗೆ ಹೋದಾಗ ವೈನಿ ಹೇಳಿದಳು: ಮಾವ ದಿನವೂ ಮುಂಜಾನೆ ದನದ ದವಾಖಾನೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತಾರಂತೆ. ಎಮ್ಮೆ, ಆಕಳು ಬಂದರೆ ಏಳುವುದಿಲ್ಲ. ಸಣ್ಣ ನಾಯಿ ಬಂದರೆ ಎದ್ದು ಹೋಗಿ ಡಾಕ್ಟರ ಕೈಯನ್ನೇ ನೋಡುತ್ತ ನಿಲ್ಲುತ್ತಾರಂತೆ. ಈಗ ಅಲ್ಲಿಯವರೇ ಕರೆದು ಹಿಡಿಯಲು ಹೇಳುತ್ತಾರೆ.

ನಾನು ಹೊರಗೆ ಬಂದು ಅವನ ಪಕ್ಕದಲ್ಲಿ ಕೂತೆ. ಈ ಸಲ ಚಹಾದ ಮಾತೆತ್ತಲಿಲ್ಲ. ತಪ್ಪಾಯಿತು, ಆ ಮಾತು ಆಡಬಾರದಿತ್ತು, ಹಾಲಿಗಿಂತ ದೊಡ್ಡ ತಪ್ಪು ನನ್ನದೇ, ಮನೆಗೆ ಬಾ ಎಂದೆ. ಅಪ್ಪ ಮರಿಯ ಕಿವಿಯಲ್ಲಿ ಬೆರಳಾಡಿಸಿದ.

"ಸಿಟ್ಟಿಲ್ಲ ಯವ್ವಾ. ಆದ್ರ ಅಲ್ಲಿ ನನಗ ಏನ್ ಮುಟ್ಟಾಕೂ ಅಂಜಿಕಿ ಆಗತೈತಿ" ಅಂದ.

ಸಿಟ್ಟಿದ್ದರೆ ಕಾಲು ಹಿಡಿದು ಕೇಳಬಹುದಿತ್ತು. ಅಂಜಿಕೆಗೆ ಏನು ಮಾಡುವುದು? ಅವನ ತೊಡೆಯ ಮೇಲೆ ಮರಿ ನಿದ್ದೆ ಹೋಗಿತ್ತು. ನನ್ನ ಮನೆಯಲ್ಲಿ ಉಳಿದಿದ್ದ ಜೀವ ಅದೊಂದೇ. ಸಂಜೆ ಬಸ್ಸಿಗೆ ಹೊರಟಾಗ ನಾನು ಬರಿಯ ಬುಟ್ಟಿ ಎತ್ತಿಕೊಂಡೆ. ಅಪ್ಪ ಗಾಬರಿಯಾಗಿ ಎದ್ದು ನಿಂತ. ಮತ್ತೆ ಏನಾದರೂ ಆದರೆ ಎಂದು ಕೇಳಿದ.

"ಆದ್ರ ಆಗಲಿ ಅಪ್ಪಾ. ನಿನ್ನ ಕೈಯಾಗ ಇರಲಿ" ಅಂದೆ.

ಹುಕ್ಕೇರಿಗೆ ಬಂದ ಮೇಲೆ ಮನೆ ತಿನ್ನಲು ಬಂತು. ಕಸ ಗುಡಿಸಿದರೆ ಬಿಳಿ ಕೂದಲು ಸಿಗುತ್ತಿತ್ತು, ಎಂಟು ದಿನಕ್ಕೆ ಅದೂ ಮುಗಿಯಿತು. ಒಂಬತ್ತನೆಯ ದಿನ ಫೋನು ಬಂತು. ವೈನಿ ಮಾತೇ ಆಡಲಿಲ್ಲ, ನೇರ ಅಪ್ಪನೇ. ಇವತ್ತು ಎಡಗಡೆಯದು ತುಂಬಿತ್ತು, ಒತ್ತಿದೆ, ಸಲೀಸಾಗಿ ಬಂತು, ಮರಿ ಹಲ್ಲು ಕೂಡ ತೋರಿಸಲಿಲ್ಲ ಎಂದು ವರದಿ ಒಪ್ಪಿಸಿದ. ನಾನು ಹೂಂ ಅಂದೆ. ಇನ್ನು ಫೋನು ವೈನಿಯ ಕೈಗೆ ಹೋಗುತ್ತದೆ ಎಂದು ಕಾದೆ. ಹೋಗಲಿಲ್ಲ. ಅವನ ಉಸಿರು ಕೇಳುತ್ತಿತ್ತು.

"ನೀ ಹೆಂಗದಿ ಯವ್ವಾ?" ಅಂದ.

ಆರಾಮ ಇದ್ದೇನೆ ಅಂದೆ. ಅದು ಸುಳ್ಳೆಂದು ನನ್ನ ದನಿಯೇ ಹೇಳಿರಬೇಕು, ಅಪ್ಪ ಫೋನು ಇಡಲಿಲ್ಲ.