ಬ್ರೇಕಮ್ಮನ ಕಾರಿಗೆ ಟರ್ಬೊ

ಡ್ರೈವಿಂಗ್ ಶಾಲೆಯ ಯಜಮಾನಿಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಅವಳ ಶಿಷ್ಯರೇ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟುಕೊಂಡೇ ಅವಳ ಅರ್ಧ ಆಯಸ್ಸು ಸವೆದಿತ್ತು. ಬಸ್ಸಿನಲ್ಲಿ ಕೂತರೂ ಬಲಗಾಲು ನೆಲ ಒತ್ತುತ್ತಿತ್ತು. ಸಿನಿಮಾದ ಪರದೆಯ ಮೇಲೆ ಲಾರಿ ನುಗ್ಗಿ ಬಂದರೆ ಮುಂದಿನ ಸೀಟಿನವರಿಗೆ ಬೆನ್ನಿಗೊಂದು ಒದೆ ಗ್ಯಾರಂಟಿ.

"ಆ ಕಾಲನ್ನ ಸ್ವಲ್ಪ ಸುಮ್ಮನಿರಿಸೇ, ಮಾನ ಹೋಗುತ್ತೆ," ಎಂದು ಗಂಡ ಗೊಣಗುತ್ತಿದ್ದ.

"ಅದು ಸುಮ್ಮನಿರದೇ ಇದ್ದಿದ್ದಕ್ಕೇ ನಾನಿನ್ನೂ ಬದುಕಿದೀನಿ ಕಣ್ರೀ," ಎನ್ನುತ್ತಿದ್ದಳು.

ಅವಳ ಕಾರು ಹಳೆಯದು, ಟರ್ಬೊ ಇಲ್ಲದ್ದು. ಗಟ್ಟಿ ಜೀವ, ಆದರೆ ದಮ್ಮು ಕಡಿಮೆ. ಮೂವರು ಶಿಷ್ಯರನ್ನು ತುಂಬಿಕೊಂಡು ಮೇಲ್ಸೇತುವೆ ಹತ್ತುವಾಗ ಎಸಿ ಆರಿಸಬೇಕು, ಮೊದಲ ಗೇರಿಗೆ ಇಳಿಸಬೇಕು, ಆಕ್ಸಿಲರೇಟರನ್ನು ಪೂರಾ ಅದುಮಬೇಕು. "ತುಳೀರಿ, ತುಳೀರಿ, ನಾಚ್ಕೊಬೇಡಿ!" ಎಂಬ ಅವಳ ಕೂಗು ಆ ಏರಿನಲ್ಲಿ ದಿನಾ ಕೇಳುತ್ತಿತ್ತು.

ಹೀಗಿರುವಾಗ ರಸ್ತೆಯ ಎದುರು ಬದಿಯಲ್ಲೇ ಇನ್ನೊಂದು ಡ್ರೈವಿಂಗ್ ಶಾಲೆ ಬಾಗಿಲು ತೆರೆಯಿತು. ಅವರದು ಹೊಚ್ಚ ಹೊಸ ಟರ್ಬೊ ಕಾರು. ಬ್ರೇಕಮ್ಮನ ಬೆಂಚಿನ ಮೇಲೆ ಕೂರುತ್ತಿದ್ದ ಜನ ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ಅವಳಲ್ಲೇ ಕಲಿತು ಲೈಸೆನ್ಸ್ ಪಡೆದ ಟೈಲರ್ ಕೂಡ ತನ್ನ ಮಗಳನ್ನು ಎದುರುಗಡೆ ಸೇರಿಸಿದ. ಹೀಗೇ ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಬೋರ್ಡು ಇಳಿಸುವುದೇ. ಶಾಲೆ ಬಿಟ್ಟರೆ ಅವಳಿಗೆ ಬೇರೆ ಲೋಕ ಗೊತ್ತಿರಲಿಲ್ಲ.

"ಏರು ಹತ್ತೋಕೆ ದಮ್ಮಿಲ್ಲ ಅಂತ ತಾನೇ ಎಲ್ಲರೂ ಓಡ್ತಿರೋದು?" ಎಂದ ಗಂಡ. ಅವನು ನಿವೃತ್ತ ಪಂಪ್ ಫಿಟ್ಟರ್. ಕೈಗೆ ಕೆಲಸವಿಲ್ಲದೆ ಮನೆಯ ನಲ್ಲಿಗಳನ್ನೆಲ್ಲ ಎರಡೆರಡು ಸಲ ಬಿಚ್ಚಿ ಜೋಡಿಸಿ ಮುಗಿಸಿದ್ದ. ಮರುದಿನ ಗುಜರಿ ಅಂಗಡಿಯಿಂದ ಏನನ್ನೋ ಟವೆಲಿನಲ್ಲಿ ಸುತ್ತಿಕೊಂಡು ಬಂದು ಊಟದ ಮೇಜಿನ ಮೇಲೆ ಇಟ್ಟ.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅಯ್ಯೋ, ಇಷ್ಟು ದಪ್ಪ ಬಸವನಹುಳು! ಕಬ್ಬಿಣದ್ದು ಬೇರೆ!"

"ಟರ್ಬೊ ಅಮ್ಮ! ಹೊಗೆಯ ಜೋರಿಗೆ ಈ ಚಕ್ರ ತಿರುಗುತ್ತೆ, ಅದು ತಿರುಗಿ ಇಂಜಿನ್ನಿಗೆ ಗಾಳಿ ತುರುಕುತ್ತೆ. ಪಂಪೇ ಇದು! ನನ್ನ ಜೀವಮಾನವೆಲ್ಲ ಮಾಡಿದ್ದು ಇದನ್ನೇ. ಹೊಸ ಕಾರು ಯಾಕೆ? ನಮ್ಮದಕ್ಕೇ ಕೂರಿಸ್ತೀನಿ."

"ಮೊದಲು ಮೇಜಿನಿಂದ ಇಳಿಸಪ್ಪಾ, ಅನ್ನ ಬಡಿಸ್ಬೇಕು," ಎಂದರು ಅತ್ತೆ.

ಗಂಡನ ಉತ್ಸಾಹಕ್ಕೆ ತಣ್ಣೀರೆರಚಲು ಬ್ರೇಕಮ್ಮನಿಗೆ ಮನಸ್ಸಾಗಲಿಲ್ಲ. ಬಹಳ ದಿನಗಳ ಮೇಲೆ ಅವನು ಶಿಳ್ಳೆ ಹಾಕುತ್ತಾ ಸ್ನಾನ ಮಾಡಿದ್ದ. ಆದರೆ ಕಾರು ಬಿಚ್ಚಿ ಹರಡಿದರೆ ಪಾಠ ನಿಲ್ಲುತ್ತದೆ, ಪಾಠ ನಿಂತರೆ ಉಳಿದವರೂ ರಸ್ತೆ ದಾಟುತ್ತಾರೆ. ಆದ್ದರಿಂದ ಅವನ ಹಳೆಯ ಗೆಳೆಯ, ಇಂಜಿನ್ ಮೇಸ್ತ್ರಿಯ ಹತ್ತಿರ ಇಬ್ಬರೂ ಹೋದರು.

ಮೇಸ್ತ್ರಿ ಟರ್ಬೊ ನೋಡಿ, ಕಾರು ನೋಡಿ, ಗೆಳೆಯನ ಮುಖ ನೋಡಿದ. "ಕೂರಿಸಬಹುದು. ಯಾಕಾಗಲ್ಲ? ಆದ್ರೆ ನಿಮ್ಮ ಇಂಜಿನ್ನು ಈಗಲೇ ಗಾಳೀನ ಬಿಗಿಯಾಗಿ ಅದುಮುತ್ತೆ. ಅದರ ಮೇಲೆ ಇದೂ ತುರುಕಿದ್ರೆ ಒಳಗೆ ಪಟಪಟ ಅಂತ ಹೊಡ್ಕೊಂಡು ಪಿಸ್ಟನ್ ತೂತಾಗುತ್ತೆ. ಹಾಗಾಗಿ ಪಿಸ್ಟನ್ ಬದಲಾಯಿಸು. ಬಿಸಿ ಗಾಳಿ ತಣ್ಣಗಾಗೋಕೆ ಇನ್ನೊಂದು ರೇಡಿಯೇಟರ್ ಥರದ್ದು ಬೇಕು. ಪೆಟ್ರೋಲ್ ಸುರಿಯೋ ಲೆಕ್ಕ ಬೇರೆ, ಅದಕ್ಕೆ ಕಂಪ್ಯೂಟರ್ ಬದಲಾಯಿಸು. ಕ್ಲಚ್ಚು ತಡೆಯಲ್ಲ. ಬ್ರೇಕು ಸಾಲಲ್ಲ. ಆಮೇಲೆ ಸಾರಿಗೆ ಆಫೀಸಿನವರು ಒಪ್ಪಬೇಕು, ವಿಮೆಯವರು ಒಪ್ಪಬೇಕು."

"ಹಾಗಾದ್ರೆ ನಮ್ಮ ಕಾರಿನದು ಅಂತ ಏನು ಉಳಿಯುತ್ತೆ?" ಎಂದಳು ಬ್ರೇಕಮ್ಮ.

"ಹಾರನ್ನು."

"ನೀನು ಯಾರ ಕಡೆಯವನೋ?" ಎಂದು ಗಂಡ ಸಿಡುಕಿದ.

"ಅತ್ತಿಗೆ ಕಡೆ. ಆ ಕಾರಲ್ಲಿ ಕೂರೋರು ಅವರು."

ಗಂಡ ಟರ್ಬೊವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡ.

ಹೊಸ ಟರ್ಬೊ ಕಾರನ್ನಾದರೂ ಓಡಿಸಿ ನೋಡೋಣ ಎಂದು ಬ್ರೇಕಮ್ಮ ಷೋರೂಮಿಗೆ ಹೊರಟಳು. ತಾನು ಓಡಿಸಿದರೆ ಏನು ತಿಳಿಯುತ್ತದೆ, ತನ್ನಲ್ಲಿ ಕಲಿತವರು ಓಡಿಸಬೇಕು ಎಂದುಕೊಂಡು ಟೈಲರನ್ನು ಹಿಡಿದು ತಂದಳು. ಮಗಳ ವಿಷಯಕ್ಕೆ ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದ ಅವನು ಇಲ್ಲವೆನ್ನಲಾರದೆ ಬಂದ.

ಟೈಲರ್ ಸ್ಟೀರಿಂಗ್ ಹಿಡಿದ, ಅವಳು ಪಕ್ಕದಲ್ಲಿ ಕೂತಳು, ಟೈ ಕಟ್ಟಿದ ಸೇಲ್ಸ್‌ನವನು ಹಿಂದೆ. ಸಮತಟ್ಟು ರಸ್ತೆಯಲ್ಲಿ ಕಾರು ಬೆಣ್ಣೆಯ ಹಾಗೆ ಜಾರಿತು. ಮೇಲ್ಸೇತುವೆಯ ಅರ್ಧದಲ್ಲಿ ವಾಹನಗಳು ನಿಂತಿದ್ದವು. ಮುಂದೆ ಒಂದು ಬಸ್ಸು. ಬಸ್ಸು ಹೊರಟಿತು. ಟೈಲರ್ ಆಕ್ಸಿಲರೇಟರ್ ತುಳಿದ. ಕಾರು ಅರೆಗಳಿಗೆ ಯೋಚನೆ ಮಾಡಿತು. ಹಳೆ ಪಾಠದಂತೆ ಇನ್ನೂ ತುಳಿದ. ಅಷ್ಟರಲ್ಲಿ ಟರ್ಬೊಗೆ ಉಸಿರು ಬಂತು. ಕಾರು ಚಿಮ್ಮಿತು!

ಬ್ರೇಕಮ್ಮನ ಕಾಲು ಧಡ್ಡನೆ ನೆಲ ಒದೆಯಿತು. ಅಲ್ಲಿ ಬ್ರೇಕ್ ಎಲ್ಲಿಂದ ಬರಬೇಕು? ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದಳು. ಬಸ್ಸಿನ ಹಿಂಭಾಗಕ್ಕೆ ಒಂದು ಗೇಣು ಉಳಿದು ಕಾರು ನಿಂತಿತು. ಹಿಂದಿನ ಸೀಟಿನಿಂದ "ಆರು ಏರ್‌ಬ್ಯಾಗ್ ಇವೆ ಮೇಡಂ" ಎಂಬ ಸಣ್ಣ ದನಿ ಕೇಳಿಸಿತು.

"ಯಾಕೆ ಹಂಗೆ ತುಳಿದ್ರಿ ಟೈಲರಣ್ಣ?"

ಟೈಲರ್ ಬೆವರು ಒರೆಸಿಕೊಂಡ. "ನೀವು ಹೇಳ್ಕೊಟ್ಟ ಹಾಗೇ ತುಳಿದೆ ಅಕ್ಕ. ಮನೇಲಿ ಇಂಥದ್ದೇ ಕಾರು ತಗೊಂಡ ವಾರದಲ್ಲೇ ಗೇಟು ಗುದ್ದಿದೆ. ಪಕ್ಕದ ಮನೆಯವರೂ ನಿಮ್ಮ ಶಿಷ್ಯರೇ, ಅವರು ಕಾಂಪೌಂಡು. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ. ಮಗಳನ್ನ ಎದುರುಗಡೆ ಹಾಕಿದ್ದು ಅದಕ್ಕೇ."

ಬ್ರೇಕಮ್ಮನಿಗೆ ಈಗ ಅರ್ಥವಾಯಿತು. ಜನ ಹೋಗಿದ್ದು ಅವಳ ಕಾರು ಏರು ಹತ್ತಲಿಲ್ಲವೆಂದಲ್ಲ. ದಮ್ಮಿಲ್ಲದ ಕಾರಿಗೆ ಬೇಕಾದ ಪಾಠವನ್ನು ಅವಳು ಎಲ್ಲ ಕಾರಿಗೂ ಕಲಿಸುತ್ತಾ ಬಂದಿದ್ದಳು. ಅವಳ ಶಿಷ್ಯರು ಮನೆಗೊಯ್ಯುತ್ತಿದ್ದ ಕಾರುಗಳೇ ಬೇರೆಯಾಗಿದ್ದವು. ಗಂಡನ ಟರ್ಬೊ ಕೂರಿಸಿದ್ದರೆ ಅದು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಒಂದು ಕಾರಾಗುತ್ತಿತ್ತು. ಅದರಲ್ಲಿ ಕಲಿತವನು ಅದೊಂದನ್ನೇ ಓಡಿಸಬೇಕು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಗಲ್ಲ ಕೆರೆದುಕೊಂಡ. "ಗೇಟು ಗುದ್ದಿದ್ರಾ? ಪಾಪ!" ಎಂದ. ಆಮೇಲೆ ನಗು ತಡೆಯಲಾರದೆ, "ಕಾಂಪೌಂಡೂ?" ಎಂದ. ಅವಳಿಗೂ ನಗು ಬಂತು. ಹಳೆ ಕಾರು ಕೊಟ್ಟು ಟರ್ಬೊ ಮಾಡೆಲ್ ತರುವುದೆಂದು ತೀರ್ಮಾನವಾಯಿತು.

ಹೊಸ ಕಾರು ಬಂದ ಮೇಲೆ ಅವಳು ಮೊದಲು ತಾನೇ ಕಲಿತಳು. ಬೆಳಗಿನ ಖಾಲಿ ಏರಿನಲ್ಲಿ ನಿಲ್ಲಿಸಿ, ಹೊರಡಿಸಿ, ಚಿಮ್ಮಿಸಿ, ತನ್ನನ್ನೇ ಬೈದುಕೊಂಡು, ಕೊನೆಗೆ ಕಾಲಬೆರಳಿನ ಹದ ಹಿಡಿದಳು. ಆಮೇಲೆ ಹಳೆಯ ಶಿಷ್ಯರಿಗೆಲ್ಲ ಫೋನು ಮಾಡಿದಳು: "ಒಂದು ಪಾಠ ಉಳಿದುಬಿಟ್ಟಿದೆ, ಬಂದು ಕಲ್ತ್ಕೊಂಡು ಹೋಗಿ."

ಮೊದಲು ಬಂದವನು ಟೈಲರ್. ತಮಾಷೆ ನೋಡಲು ಮಗಳೂ ಬಂದು ಹಿಂದೆ ಕೂತಿದ್ದಳು. ಏರಿನ ಮಧ್ಯೆ ನಿಲ್ಲಿಸಿದರು.

"ಈಗ ಹಗುರಾಗಿ ತುಳೀರಿ ಟೈಲರಣ್ಣ. ಅದು ಉಸಿರು ತಗೊಳ್ಳೋವರೆಗೂ ಕಾಯಿರಿ. ಅವಸರ ಮಾಡ್ಬೇಡಿ. ಹಾಂ, ಬಂತು... ಇನ್ನು ಅದರಷ್ಟಕ್ಕೆ ಹೋಗೋಕೆ ಬಿಡಿ."

ಕಾರು ಮಗುವಿನ ತೊಟ್ಟಿಲು ತೂಗಿದಷ್ಟು ಮೆತ್ತಗೆ ಏರು ಹತ್ತಿತು. ಸೇತುವೆ ಇಳಿದು ಕಾರು ನಿಲ್ಲುವ ಮೊದಲೇ ಹಿಂದಿನ ಸೀಟಿನ ಬಾಗಿಲು ತೆರೆಯಿತು.

"ಅಪ್ಪಾ, ಇಳಿ ಇಳಿ! ಈಗ ನಾನು," ಎಂದಳು ಮಗಳು.