ಅಮ್ಮ ಹೇಳಿಕೊಂಡಿದ್ದು ಗಿರಿಜಾ ಡಾಕ್ಟರ ಹತ್ತಿರ

ರೋಗಿಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು ಕೂರುವುದು ಗಿರಿಜಾ ಡಾಕ್ಟರ ಅಭ್ಯಾಸ. ನಿಂತುಕೊಂಡು ಅವರು ಯಾರನ್ನೂ ಮಾತಾಡಿಸಿದ್ದು ನಾನು ಕಾಣೆ. ಗದಗದ ಕಡೆಯವರು. ದೊಡ್ಡಾಸ್ಪತ್ರೆಗಳಿರುವ ಲಿವೋನಿಯಾದಿಂದ ಎಪ್ಪತ್ತು ಮೈಲಿ ದೂರದ ನಮ್ಮ ಪುಟ್ಟ ಊರಿನ ಆಸ್ಪತ್ರೆಗೆ ಅವರೊಬ್ಬರೇ ಮೂತ್ರರೋಗ ತಜ್ಞೆ. ತಲೆ ಹಣ್ಣಾಗಿದ್ದು ಅಲ್ಲಿಯೇ.

ಮೈಸೂರಿನಿಂದ ನನ್ನ ಮನೆಗೆ ಬಂದಿದ್ದ ಅಮ್ಮ ಆ ಬೇಸಿಗೆಯಲ್ಲಿ ಎಲ್ಲಿಗೂ ಹೊರಡುತ್ತಿರಲಿಲ್ಲ. ಶಿಕಾಗೋ ನೋಡೋಣ ಬಾ ಎಂದರೆ, "ಅಷ್ಟು ಹೊತ್ತು ಕಾರಲ್ಲಿ ಕೂತ್ಕೊಳಕ್ಕಾಗಲ್ಲ ಕಣೇ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಬಾತ್‌ರೂಮಿನಲ್ಲಿ ರಕ್ತ ಕಂಡಿತು. ಲಿವೋನಿಯಾದಲ್ಲಿ ಅಪಾಯಿಂಟ್‌ಮೆಂಟಿಗೆ ಎರಡು ತಿಂಗಳು ಕಾಯಬೇಕಿತ್ತು. ಪಕ್ಕದ ಮನೆಯ ಅಜ್ಜಿಯೇ ನಮ್ಮೂರಿನ ಈ ಡಾಕ್ಟರ ಹೆಸರು ಹೇಳಿದಳು.

ಡಾಕ್ಟರು ಮೊದಲು ಕೇಳಿದ್ದು, "ಅವ್ವಾರ, ನೀರ ಕುಡಿಯೋದು ಯಾವಾಗ ಬಿಟ್ರಿ?"

ಅಮ್ಮ ನನ್ನ ಮುಖ ನೋಡಿದರು. "ಇವಳು ಸ್ವಲ್ಪ ಆಚೆ ಇರ್ಲಿ."

ಆಚೆ ಕೂತೆ. ಒಳಗೆ ಅಮ್ಮನ ದನಿ ನಿಲ್ಲಲೇ ಇಲ್ಲ. ವರ್ಷದಿಂದ ಇದ್ದ ಉರಿ, ತಡೆಯಲಾಗದ ಅವಸರ, ಸೀರೆ ಒದ್ದೆಯಾದೀತೆಂಬ ಭಯಕ್ಕೆ ನೀರು ಬಿಟ್ಟಿದ್ದು, ಎಲ್ಲವನ್ನೂ ಹೇಳಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಮಗಳಾದ ನನಗೆ ಅದರಲ್ಲಿ ಒಂದೂ ಗೊತ್ತಿರಲಿಲ್ಲ.

ರಿಪೋರ್ಟ್ ಬಂದ ದಿನ ಡಾಕ್ಟರು ನನ್ನನ್ನು ಬೇರೆಯಾಗಿ ಕರೆದರು. ಮೂತ್ರಕೋಶದ ಕ್ಯಾನ್ಸರ್ ಲಿವರಿಗೂ ಹರಡಿತ್ತು.

"ಅಮ್ಮಂಗೆ ಹೇಳ್ಬೇಡಿ ಡಾಕ್ಟ್ರೇ."

"ಮೈ ಅವರದೈತಿ ತಂಗಿ. ಕೇಳಿದ್ರ ನಾ ಸುಳ್ಳ ಹೇಳಂಗಿಲ್ಲ."

ಅಮ್ಮ ಕೇಳಿದರು. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಮೈಸೂರಿಗೆ ಹೋಗ್ಬೋದಾ?" ಎಂದರು.

"ಹೋಗ್ರಿ. ದಾರ್ಯಾಗ ತ್ರಾಸ ಆಗಲಾರದಂಗ ಮಾಡಿ ಕಳಸ್ತೀನಿ."

ಮೂತ್ರಕ್ಕೆ ಕೊಳವೆ ಹಾಕಿ, ಚೀಲ ಖಾಲಿ ಮಾಡುವುದನ್ನು ನನಗೆ ಕಲಿಸಿದರು. ನಾನೇ ಕರೆದುಕೊಂಡು ಹೋದೆ. ವಿಮಾನದಲ್ಲಿ ಅಮ್ಮ ಹಾಯಾಗಿ ನಿದ್ದೆ ಮಾಡಿದರು. ದೀಪಾವಳಿಗೆ ಮೊದಲೇ ತೀರಿಕೊಂಡರು.

ವಾಪಸು ಬಂದು ಆಸ್ಪತ್ರೆಗೆ ಹೋದಾಗ ಡಾಕ್ಟರು ತಮ್ಮ ಕೋಣೆ ಖಾಲಿ ಮಾಡುತ್ತಿದ್ದರು. ಬಲಗೈ ನಡುಗುತ್ತಿತ್ತು. "ಇನ್ನ ಈ ಕೈಲೆ ಆಪರೇಷನ್ ಮಾಡಿದ್ರ ಮೋಸ ಆಗತೈತಿ" ಎಂದರು. ಶಿಕಾಗೋ ಹತ್ತಿರದ ಓಕ್ ಬ್ರೂಕಿನಲ್ಲಿರುವ ಮಗನ ಮನೆಗೆ ಹೊರಟಿದ್ದರು. ಅಮ್ಮನ ಸುದ್ದಿ ಹೇಳಿದೆ.

"ಹೋಗೂಮುಂದ ಮನ್ಯಾಗ ಇದ್ರಲ್ಲಾ?"

"ಹೂಂ. ಅವ್ರ ರೂಮಲ್ಲೇ ಇದ್ರು."

ಡಾಕ್ಟರು ಕಣ್ಣೊರೆಸಿಕೊಂಡು ಮುಖ ತಿರುಗಿಸಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ. ಈ ಚಳಿಗಾಲದಲ್ಲಿ ಹೋಗಿಬಿಟ್ಟರೆಂದು ಅವರ ಮಗನ ಫೋನು ಬಂತು.

ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹೋದ ವಾರ ಪಕ್ಕದ ಮನೆಯ ಅಜ್ಜನನ್ನು ಲಿವೋನಿಯಾಕ್ಕೆ ನಾನೇ ಡ್ರೈವ್ ಮಾಡಿಕೊಂಡು ಕರೆದೊಯ್ದೆ. ಹೆದ್ದಾರಿಯ ಎಕ್ಸಿಟ್ ಎಕ್ಸಿಟ್‌ಗೂ ಬಾತ್‌ರೂಮಿಗೆಂದು ಕಾರು ನಿಲ್ಲಿಸಬೇಕಾಯಿತು. ಪ್ರತಿ ಸಲವೂ ಆತ ನನ್ನ ಕ್ಷಮೆ ಕೇಳಿ, ತಲೆ ತಗ್ಗಿಸಿಕೊಂಡು ಇಳಿದು ಹೋಗುತ್ತಿದ್ದ.