ನಬ್ವಿರೆ ವಾಪಸು ಒಯ್ದ ಚೀಲಗಳು

ನಬ್ವಿರೆ ಹುಟ್ಟಿದ್ದು ಉಗಾಂಡಾದಲ್ಲಿ, ಮದುವೆಯಾಗಿ ಬಂದದ್ದು ಕೀನ್ಯಾಕ್ಕೆ. ಎರಡರ ನಡುವೆ ಒಂದು ಜೋಳದ ಹೊಲ, ಒಂದು ಚರಂಡಿ. ಹೊಲದ ಬದುವಿನ ಮೇಲೆ ಓಡಾಡುವ ನಮ್ಮನ್ನು ಯಾರೂ ಕಾಗದ ಕೇಳುವುದಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಚರಂಡಿಯ ಪಕ್ಕ ಕರಿದ ಮೀನು ಮಾರಿ ಹೆಣ್ಣುಮಕ್ಕಳನ್ನು ಸಾಕಿದಳು. ಅವಳ ಪಕ್ಕದಲ್ಲೇ ನನ್ನ ಬಾಳೆಹಣ್ಣಿನ ಬುಟ್ಟಿ.

ಕೀನ್ಯಾದ ನಮ್ಮ ಕಡೆ ಪ್ಲಾಸ್ಟಿಕ್ ಚೀಲ ಕೈಯಲ್ಲಿದ್ದರೂ ಜೈಲು. ನಬ್ವಿರೆ ಮೀನನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಡುತ್ತಿದ್ದಳು. ಆ ಕಡೆಯೂ ಕಾನೂನು ಇದೆಯಂತೆ. ಆದರೂ ಅವಳ ತಂಗಿ ಅಜಾಂಬೊ ಅಲ್ಲಿ ಹಾಡುಹಗಲಲ್ಲೇ ಚೀಲಗಳನ್ನು ಕಟ್ಟುಗಟ್ಟಲೆ ಮಾರುತ್ತಾಳೆ. ಮಳೆ ಬಂತೆಂದರೆ ಅವು ಚರಂಡಿಯಲ್ಲಿ ತೇಲಿಬಂದು ನಬ್ವಿರೆಯ ಅಂಗಡಿಯ ಮುಂದೆ ಸಿಕ್ಕಿಕೊಳ್ಳುತ್ತವೆ.

ಈ ಸಲದ ಮಳೆಗಾಲದಲ್ಲಿ ಪುರಸಭೆಯ ಇನ್‌ಸ್ಪೆಕ್ಟರ್ ಒಬ್ಬ ಬಂದ.

“ಯಾರದಮ್ಮ ಇದು?”

“ನೀರು ತಂದಿದ್ದಪ್ಪ. ಆ ಕಡೆಯಿಂದ.”

“ನಿನ್ನ ಅಂಗಡಿ ಮುಂದಿದೆ ಅಂದ್ಮೇಲೆ ನಿಂದೇ. ಸಂಜೆಯೊಳಗೆ ತೆಗೀದಿದ್ರೆ ಜಾಗ ಹೋಗುತ್ತೆ.”

“ತೆಗೆದು ಎಲ್ಲಿ ಹಾಕ್ಲಿ? ಸುಡಬೇಡ ಅಂತೀರಿ, ಹೂಳಬೇಡ ಅಂತೀರಿ. ಕಸದ ಲಾರಿ ಈ ಬೀದಿ ಮುಖ ನೋಡಿದ್ದು ಯಾವಾಗ?”

“ಅದು ಬೇರೆ ವಿಭಾಗ,” ಎಂದು ಅವನು ಮೂಗಿಗೆ ಕರವಸ್ತ್ರ ಹಿಡಿದು ಹೋದ.

ನಬ್ವಿರೆ ಉಟ್ಟ ಬಟ್ಟೆ ಎತ್ತಿಕಟ್ಟಿ ಚರಂಡಿಗೆ ಇಳಿದಳು. ಬುಟ್ಟಿ ತುಂಬಿದಾಗ ತಲೆಯ ಮೇಲೆ ಇಟ್ಟುಕೊಂಡಳು.

“ಎಲ್ಲಿಗೇ?” ಎಂದೆ.

“ನನ್ನ ತಂಗಿ ಮಡಿಲಿಗೇ ಸುರಿದು ಬರ್ತೀನಿ ಅಕ್ಕಾ. ಮಾರಿದವಳೇ ಇಟ್ಕೊಳ್ಳಲಿ.”

ಅಂದು ಅವಳು ಬದುವಿನ ಮೇಲೆ ಹೋಗಲಿಲ್ಲ. ಅದು ಚೀಲಗಳನ್ನು ಕದ್ದುಮುಚ್ಚಿ ಈ ಕಡೆ ತರುವವರ ದಾರಿ. ತಾನು ತರುತ್ತಿಲ್ಲ, ವಾಪಸು ಒಯ್ಯುತ್ತಿದ್ದೇನೆ ಎಂದುಕೊಂಡು ಗಡಿಯ ದೊಡ್ಡ ಗೇಟಿಗೇ ನೆಟ್ಟಗೆ ನಡೆದಳು. ಅದೇ ತಪ್ಪಾಯಿತು.

“ಚೀಲ ಇಟ್ಕೊಂಡಿರೋದು ಅಪರಾಧ,” ಎಂದ ಪೊಲೀಸಿನವನು.

“ಇಟ್ಕೊಂಡಿಲ್ಲಪ್ಪ, ಬಿಟ್ಟು ಬರೋಕೆ ಹೊರಟಿದೀನಿ.”

“ತಲೆ ಮೇಲಿರೋದು ಏನು ಮತ್ತೆ, ಕಿರೀಟವಾ?”

ಸುತ್ತಲಿದ್ದವರು ನಕ್ಕರು. ಅವಳನ್ನು ಠಾಣೆಗೆ ಒಯ್ದರು.

ಸುದ್ದಿ ತಿಳಿದು ಅಜಾಂಬೊ ಓಡಿಬಂದಳು. “ನಿಮ್ಮ ದೇಶದಲ್ಲಿ ಮನುಷ್ಯರಿಗಿಂತ ಕವರಿಗೇ ಕಾವಲು ಜಾಸ್ತಿ ಬಿಡು,” ಎಂದು ಕಂಬಿಯಾಚೆಯ ಅಕ್ಕನನ್ನು ನಗಿಸಲು ನೋಡಿದಳು.

“ಬಾಯಿ ಮುಚ್ಚು. ನಿನ್ನ ವ್ಯಾಪಾರಕ್ಕೆ ನನ್ನ ಹೊಟ್ಟೆಪಾಡು ಹೋಯ್ತು.”

ಅಜಾಂಬೊ ತಲೆ ತಗ್ಗಿಸಿದಳು. ಚೀಲ ಮಾರುವುದನ್ನು ಮಾತ್ರ ಬಿಡಲಿಲ್ಲ.

ಮರುದಿನ ನಬ್ವಿರೆಯನ್ನು ಬಿಟ್ಟರು. ಅಷ್ಟರಲ್ಲಿ ಅವಳ ಜಾಗದಲ್ಲಿ ಬೇರೆಯವರ ಕೊಡೆ ಎದ್ದಿತ್ತು. ಈಗ ಅವಳು ಕಸಾಯಿಖಾನೆಯ ಹಿಂದೆ ಕೂರುತ್ತಾಳೆ. ಅಲ್ಲಿ ಮೀನು ಕೊಳ್ಳುವವರು ಯಾರು? ಕಾನೂನು ಮಾಡಿದವರು ಯಾರೂ ಆ ಚರಂಡಿಗೆ ಕಾಲಿಟ್ಟವರಲ್ಲ. ಬಗ್ಗಿ ಚೀಲ ತೆಗೆದ ಒಬ್ಬಳೇ ಒಬ್ಬಳನ್ನು ಹಿಡಿದರು.

ಭಾನುವಾರ ಪಾದ್ರಿಗಳು ನಮ್ಮ ದೇಶದ ಸ್ವಚ್ಛತೆಗಾಗಿ ದೇವರಿಗೆ ಸ್ತೋತ್ರ ಸಲ್ಲಿಸಿದರು. ನಬ್ವಿರೆ ಆಮೆನ್ ಅನ್ನಲಿಲ್ಲ. ಪ್ರಾರ್ಥನೆಗೆ ಆಮೆನ್ ಅನ್ನದೆ ಕೂತವಳಲ್ಲ ನಾನು. ಅಂದು ನನ್ನ ನಾಲಿಗೆಯೂ ಏಳಲಿಲ್ಲ.